ಪಾಳಿ ಬದಲಾಗುವ ಹೊತ್ತು: ಮನೆಯಲ್ಲಿ ರೋಗಿಯ ಆರೈಕೆ ಮಾಡುವವರಿಗೆ ಆಸ್ಪತ್ರೆಗಳು ನೆರವಾಗುವ ಬಗೆ

“ಹದಿನಾಲ್ಕನೇ ಕಾಟಿನ ಪೇಶಂಟ್ ಕಡೆಯವರು ಯಾರ್ರೀ?” ಎಂಬ ಕೂಗು ಕೇಳಿಸದ ವಾರ್ಡು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇರಲಾರದು. ಔಷಧಿ ತರಲು, ರಕ್ತ ಕೊಡುವವರನ್ನು ಹುಡುಕಲು, ಸ್ಕ್ಯಾನಿಂಗ್ ಕೋಣೆಯವರೆಗೆ ಸ್ಟ್ರೆಚರ್ ನೂಕಲು, ಕಾಗದಕ್ಕೆ ಸಹಿ ಹಾಕಲು ದಿನಕ್ಕೆ ಹತ್ತು ಸಲ ಬೇಕಾಗುವ ಈ ‘ಕಡೆಯವರು’ ಕೇಸ್ ಶೀಟಿನಲ್ಲಿ ಒಂದು ಸಹಿಯಾಗಿಯೋ ಹೆಬ್ಬೆಟ್ಟಿನ ಗುರುತಾಗಿಯೋ ಮಾತ್ರ ಉಳಿಯುತ್ತಾರೆ. ಲಕ್ವ ಹೊಡೆದವರು, ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದವರು, ಮರೆವಿನ ಕಾಯಿಲೆಯ ಹಿರಿಯರು ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಹತ್ತಾದರೆ ಮನೆಯಲ್ಲಿ ಕಳೆಯುವ ದಿನಗಳು ನೂರಾರು. ಆ ನೂರಾರು ದಿನಗಳ ನರ್ಸು, ಆಯಾ, ಕಂಪೌಂಡರ್ ಎಲ್ಲವೂ ಈ ಕಡೆಯವರೇ.

ನಾನು ಬಹುಕಾಲ ವಿಜಯಪುರ ಜಿಲ್ಲೆಯಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದವಳು. ಪಾಳಿ ಮುಗಿಸಿ ಹೋಗುವ ನರ್ಸು, ಬರುವ ನರ್ಸನ್ನು ಪ್ರತಿ ಕಾಟಿನ ಬಳಿ ನಿಲ್ಲಿಸಿಕೊಂಡು, ಸಲೈನ್ ಎಷ್ಟು ಉಳಿದಿದೆ, ಮೂತ್ರ ಎಷ್ಟು ಹೋಗಿದೆ, ಬೆನ್ನಿನ ಚರ್ಮ ಹೇಗಿದೆ, ಮುಂದಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಎಂದು ಒಂದೊಂದಾಗಿ ಒಪ್ಪಿಸುವುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲಿ ಒಂದು. ಆರೆಂಟು ತಾಸಿನ ಪಾಳಿಗೆ ಇಷ್ಟು ಜತನ. ಅದೇ ರೋಗಿಯನ್ನು ವರ್ಷಗಟ್ಟಲೆಯ ಪಾಳಿಗೆಂದು ಮನೆಯವರಿಗೆ ಒಪ್ಪಿಸುವಾಗ ಮಾತ್ರ, ಡಿಸ್ಚಾರ್ಜ್ ಕಾರ್ಡಿಗೆ ಪಿನ್ ಹೊಡೆಯುವಷ್ಟು ಹೊತ್ತು ಸಾಕೆಂದು ನಾವು ನಡೆದುಕೊಳ್ಳುತ್ತಿದ್ದೆವು. ನನ್ನ ತಾಯಿಗೆ ಲಕ್ವ ಹೊಡೆದು, ಬೇರೊಂದು ಆಸ್ಪತ್ರೆಯಲ್ಲಿ ನಾನೇ ‘ಪೇಶಂಟ್ ಕಡೆಯವಳು’ ಆಗಿ ನಿಂತ ದಿನ, ಆ ಕಾರ್ಡು ನನ್ನ ಕೈಗೂ ಹಾಗೆಯೇ ಬಂತು. ಕೆಳಗೆ ‘ಆರ್‌ಟಿ ಫೀಡ್, ಬ್ಯಾಕ್ ಕೇರ್’ ಎಂದಷ್ಟೇ ಬರೆದಿತ್ತು. ಮೂಗಿನ ನಳಿಕೆಯಿಂದ ಊಟ ಕೊಡಿ, ಬೆನ್ನಿನ ಚರ್ಮ ನೋಡಿಕೊಳ್ಳಿ ಎಂಬ ಅದರ ಅರ್ಥ ನನಗೆ ಗೊತ್ತಿತ್ತು. ಅದೇ ದಿನ ಅಂಥದ್ದೇ ಕಾರ್ಡು ಹಿಡಿದು ನಿಂತಿದ್ದ ಪಕ್ಕದ ಕಾಟಿನ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ. “ನಳಿಕಿ ಹೊರಗ ಬಂದ್ರ ನಾ ಏನ ಮಾಡ್ಲಿರಿ, ಅಕ್ಕಾರ?” ಎಂದು ಆಕೆ ಕೇಳಿದ್ದು ಸಿಬ್ಬಂದಿಯನ್ನಲ್ಲ, ನನ್ನನ್ನು.

ಡಿಸ್ಚಾರ್ಜನ್ನು ಪಾಳಿ ಬದಲಾವಣೆ ಎಂದೇ ಎಣಿಸಿ, ಒಬ್ಬ ನರ್ಸಿಗೆ ರೋಗಿಯನ್ನು ಒಪ್ಪಿಸುವಾಗ ಏನೇನು ಮಾಡುತ್ತೇವೋ ಅದನ್ನೆಲ್ಲ ಮನೆಯವರಿಗೂ ಮಾಡಬೇಕೆಂಬುದು ಈ ಬರಹದ ಒಟ್ಟು ಸಲಹೆ. ಅದನ್ನು ನಡೆಸುವ ಬಗೆ ಮುಂದಿದೆ.

ದಾಖಲಾದ ದಿನವೇ ಕೇಳಬೇಕಾದದ್ದು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಒಬ್ಬರು, ಮನೆಯಲ್ಲಿ ಆರೈಕೆ ಮಾಡುವವರು ಇನ್ನೊಬ್ಬರು ಎಂಬುದು ನಮ್ಮ ಭಾಗದ ಸಾಮಾನ್ಯ ಸಂಗತಿ. ಡಾಕ್ಟರ ಮುಂದೆ ನಿಂತು ಮಾತನಾಡುವವನು ಹಿರಿಯ ಮಗ ಅಥವಾ ಅಳಿಯ. ಮೈ ಒರೆಸಿ, ಮಗ್ಗುಲು ಬದಲಿಸಿ, ಊಟ ಮಾಡಿಸುವವಳು ವಾರ್ಡಿನ ಹೊರಗೆ ಗೋಡೆಗೆ ಒರಗಿ ಕುಳಿತಿರುವ ಸೊಸೆ, ಹೆಂಡತಿ ಅಥವಾ ಮಗಳು. ಮಗನಿಗೆ ಹೇಳಿದ ಸೂಚನೆ ಸೊಸೆಯನ್ನು ತಲುಪುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ಆದ್ದರಿಂದ ದಾಖಲಾದ ದಿನ ಅಥವಾ ಮರುದಿನ ಒಬ್ಬ ಶುಶ್ರೂಷಾಧಿಕಾರಿ ಕುಟುಂಬದವರನ್ನು ಕೂರಿಸಿಕೊಂಡು, “ಮನೆಗೆ ಹೋದ ಮೇಲೆ ರಾತ್ರಿ ಇವರ ಬಳಿ ಮಲಗುವವರು ಯಾರು?” ಎಂದು ಕೇಳಬೇಕು. “ಯಾರು ನೋಡಿಕೊಳ್ಳುತ್ತೀರಿ?” ಎಂದು ಕೇಳಿದರೆ “ಎಲ್ಲಾರೂ ಅದೀವ್ರಿ” ಎಂಬ ಉತ್ತರ ಬರುತ್ತದೆ. ರಾತ್ರಿಯ ಪ್ರಶ್ನೆಗೆ ಒಂದೇ ಹೆಸರು ಬರುತ್ತದೆ.

ಆ ಹೆಸರನ್ನು, ರೋಗಿಯ ಒಪ್ಪಿಗೆ ಪಡೆದು, ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆಯಬೇಕು. ಜೊತೆಗೆ ಅವರ ಫೋನ್ ಸಂಖ್ಯೆ, ಓದಲು ಬರುತ್ತದೆಯೇ ಇಲ್ಲವೇ, ಅವರಿಗೇ ಬಿಪಿ, ಶುಗರ್ ಅಥವಾ ಬೆನ್ನುನೋವು ಇದೆಯೇ ಎಂಬುದೂ ಇರಲಿ. ನಾಲ್ವರು ಸೇರಿ ಎತ್ತುವ ರೋಗಿಯನ್ನು ಅರವತ್ತು ದಾಟಿದ ಹೆಂಡತಿಯೊಬ್ಬಳೇ ಎತ್ತುತ್ತಾಳೆಂದು ನಂಬಿ ಮನೆಗೆ ಕಳುಹಿಸಿದರೆ, ಕೆಲವು ವಾರಗಳಲ್ಲಿ ಇಬ್ಬರು ರೋಗಿಗಳು ಬರುತ್ತಾರೆ.

ಭಾಷೆಯನ್ನೂ ಅದೇ ಪುಟದಲ್ಲಿ ನಮೂದಿಸುವುದು ಒಳ್ಳೆಯದು. ಖಾನಾಪುರ, ನಿಪ್ಪಾಣಿಯ ಕಡೆಯಿಂದ ಬಂದವರಿಗೆ ಮರಾಠಿ, ತಾಂಡಾಗಳಿಂದ ಬಂದವರಿಗೆ ಲಂಬಾಣಿ, ವಿಜಯಪುರದ ಎಷ್ಟೋ ಮನೆಗಳಲ್ಲಿ ಉರ್ದು ನಡೆಯುತ್ತದೆ. ಕನ್ನಡ ಎಲ್ಲರಿಗೂ ತಿಳಿಯುತ್ತದೆ ಎಂಬುದು ಸಂತೆಯ ಮಟ್ಟಿಗೆ ನಿಜ, ಇನ್ಸುಲಿನ್ ಯೂನಿಟ್ ಎಣಿಸುವ ಮಟ್ಟಿಗೆ ಅಲ್ಲ.

ಇನ್ನು, ನಮ್ಮ ಜಿಲ್ಲೆಗಳಿಗೇ ವಿಶೇಷವಾದ ಒಂದು ಪ್ರಶ್ನೆ ಇದೆ: ಸುಗ್ಗಿಗೆ, ಕಬ್ಬು ಕಡಿಯುವುದಕ್ಕೆ, ಗೋವಾ ಅಥವಾ ಮಹಾರಾಷ್ಟ್ರದ ದುಡಿಮೆಗೆ ಮನೆಯಿಂದ ಯಾರು ಹೋಗುತ್ತಾರೆ, ಯಾವಾಗ ಹೋಗುತ್ತಾರೆ? ಇಂದು ಕಲಿತ ಮಗಳು ದೀಪಾವಳಿಯ ಹೊತ್ತಿಗೆ ಊರಲ್ಲಿ ಇರದೆ, ಎಪ್ಪತ್ತರ ಅಜ್ಜಿ ಮತ್ತು ಶಾಲೆಗೆ ಹೋಗುವ ಮೊಮ್ಮಗ ಮಾತ್ರ ಉಳಿಯುವ ಮನೆಗಳಿವೆ. ಅಂಥಲ್ಲಿ ಮೊದಲಿಂದಲೇ ಇಬ್ಬರಿಗೆ ಕಲಿಸಬೇಕು.

ಕಲಿಸುವುದು: ನೋಡಲಿ, ಮಾಡಲಿ, ಮತ್ತೊಮ್ಮೆ ಮಾಡಲಿ

ಬಾಯಿಮಾತಿನಲ್ಲಿ ಹೇಳಿ “ತಿಳೀತಾ?” ಎಂದು ಕೇಳುವುದು ಕಲಿಸಿದಂತಲ್ಲ. ದೊಡ್ಡ ಆಸ್ಪತ್ರೆಯಲ್ಲಿ, ಬಿಳಿ ಬಟ್ಟೆಯವರ ಮುಂದೆ, ತಿಳಿಯಲಿಲ್ಲ ಎಂದು ಹೇಳುವ ಧೈರ್ಯ ಹೆಚ್ಚಿನವರಿಗೆ ಇರುವುದಿಲ್ಲ. ಮೊದಲ ದಿನ ನರ್ಸು ಮಾಡಿ ತೋರಿಸಲಿ, ಎರಡನೇ ದಿನ ಮನೆಯವರು ನರ್ಸಿನ ಎದುರು ಮಾಡಲಿ, ಮೂರನೇ ದಿನ ಅವರೇ ಮಾಡುತ್ತ ಯಾಕೆ ಹಾಗೆ ಮಾಡುತ್ತಿದ್ದೇನೆಂದು ತಮ್ಮ ಮಾತಿನಲ್ಲಿ ಹೇಳಲಿ. ಮೂರನೆಯದು ಆಗುವ ತನಕ ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಕಲಿಸಲಾಗಿದೆ’ ಎಂದು ಬರೆಯಬಾರದು.

ಮೂಗಿನ ನಳಿಕೆಯಿಂದ ಊಟ ಕೊಡುವುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಳಿಕೆ ಮೂಗಿನ ಹೊಳ್ಳೆಯಿಂದ ಹೊರಬರುವ ಜಾಗದಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ಅದನ್ನು ಮನೆಯವರಿಗೆ ತೋರಿಸಬೇಕು. ಪ್ರತಿ ಊಟಕ್ಕೂ ಮುನ್ನ ಆ ಗೆರೆ ಅಲ್ಲೇ ಇದೆಯೇ ಎಂದು ನೋಡಬೇಕು, ಗೆರೆ ಸರಿದಿದ್ದರೆ ಒಂದು ಹನಿ ನೀರನ್ನೂ ಹಾಕದೆ, ತಾವೇ ಒಳಗೆ ತಳ್ಳುವ ಸಾಹಸಕ್ಕೂ ಹೋಗದೆ, ಫೋನ್ ಮಾಡಬೇಕು. ರೋಗಿಯ ತಲೆ ಮತ್ತು ಬೆನ್ನು 30ರಿಂದ 45 ಡಿಗ್ರಿಯಷ್ಟು ಎತ್ತರದಲ್ಲಿರಬೇಕು ಎಂದರೆ ಮನೆಯಲ್ಲಿ ಆ ಡಿಗ್ರಿಯನ್ನು ಅಳೆಯುವವರು ಯಾರು? ಆಸ್ಪತ್ರೆಯ ಕಾಟಿಗೆ ತಿರುಗಿಸುವ ಹಿಡಿಕೆ ಇರುತ್ತದೆ, ಮನೆಯಲ್ಲಿ ಇರುವುದು ಹೊರಸು ಅಥವಾ ನೆಲದ ಹಾಸಿಗೆ. ಎರಡು ದಪ್ಪ ಕೌದಿಗಳನ್ನು ಸುರುಳಿ ಸುತ್ತಿ, ಒಂದನ್ನು ಸೊಂಟದ ಮೇಲ್ಭಾಗಕ್ಕೆ, ಇನ್ನೊಂದನ್ನು ಭುಜದ ಹಿಂದೆ ಇಟ್ಟು, ಜಾರದಂತೆ ಮೊಣಕಾಲ ಕೆಳಗೆ ಒಂದು ದಿಂಬು ಕೊಟ್ಟು ತೋರಿಸಿದರೆ ಆ ಎತ್ತರ ಅವರ ಕಣ್ಣಿಗೆ ಕೂರುತ್ತದೆ. ಬರೀ ತಲೆದಿಂಬು ಏರಿಸಿದರೆ ಕುತ್ತಿಗೆ ಮಡಚುತ್ತದೆಯೇ ಹೊರತು ಎದೆ ಏಳುವುದಿಲ್ಲ, ಇದನ್ನೂ ತೋರಿಸಬೇಕು. ಊಟವಾದ ಮೇಲೆ ಅರ್ಧ ತಾಸಿನಿಂದ ಒಂದು ತಾಸು ಅದೇ ಎತ್ತರ ಇರಲಿ. ತಕ್ಷಣ ಮಲಗಿಸಿದರೆ ಊಟ ಮೇಲೇರಿ ಶ್ವಾಸಕೋಶ ಸೇರಬಹುದು. ಅಂಬಲಿಯನ್ನು ಹಾಕುವುದಾದರೆ ತೆಳುವಾದ ಅರಿವೆಯಲ್ಲಿ ಸೋಸಿಯೇ ಹಾಕಬೇಕು, ಇಲ್ಲವಾದರೆ ನಳಿಕೆ ಕಟ್ಟುತ್ತದೆ. ಕೊನೆಗೆ ಕುದಿಸಿ ಆರಿಸಿದ ನೀರು ಹಾಕಿ ನಳಿಕೆ ತೊಳೆಯಬೇಕು. ನಮ್ಮ ಬೇಸಿಗೆಯಲ್ಲಿ ಬೆಳಗ್ಗೆ ಮಾಡಿದ ಅಂಬಲಿ ಮಧ್ಯಾಹ್ನಕ್ಕೆ ಹುಳಿಯುತ್ತದೆಂಬುದನ್ನು ಅವರಿಗೆ ನಾವು ಹೇಳಬೇಕಾಗಿಲ್ಲ, ಆದರೆ ಹುಳಿತದ್ದನ್ನು ನಳಿಕೆಯಲ್ಲಿ ಹಾಕಬಾರದೆಂದು ಹೇಳಬೇಕು.

ಮಗ್ಗುಲು ಬದಲಿಸುವ ವಿಷಯದಲ್ಲಿ ನನಗೆ ಸ್ವಲ್ಪ ತಕರಾರಿದೆ. ಎರಡು ತಾಸಿಗೊಮ್ಮೆ ಎಂದು ಎಲ್ಲರೂ ಹೇಳುತ್ತೇವೆ, ನಾನೂ ಹೇಳಿದ್ದೇನೆ. ಅದನ್ನು ಅಕ್ಷರಶಃ ಪಾಲಿಸಿದರೆ ದಿನಕ್ಕೆ ಹನ್ನೆರಡು ಸಲವಾಯಿತು, ರಾತ್ರಿಯೂ ಸೇರಿ. ವಾರ್ಡಿನಲ್ಲಿ ಮೂರು ಪಾಳಿಯವರು ಹಂಚಿಕೊಳ್ಳುವ ಕೆಲಸವನ್ನು ಮನೆಯಲ್ಲಿ ಒಬ್ಬಳೇ ಮಾಡಬೇಕು. ಮೊದಲ ವಾರ ಮಾಡುತ್ತಾಳೆ, ಎರಡನೇ ವಾರ ನಿದ್ದೆಗೆಡುತ್ತಾಳೆ, ಮೂರನೇ ವಾರ ಪೂರ್ತಿ ಬಿಟ್ಟುಬಿಡುತ್ತಾಳೆ. ಅದಕ್ಕಿಂತ, ಗಾಳಿ ಹಾಸಿಗೆ ಸಿಗುವುದೇ, ರೋಗಿಯ ಚರ್ಮದ ಸ್ಥಿತಿ ಏನು, ರಾತ್ರಿ ಎಷ್ಟು ಸಲ ಏಳಲು ಸಾಧ್ಯ ಎಂಬುದನ್ನು ನೋಡಿ, ವೈದ್ಯರು ಆ ಮನೆಗೆ ಹೊಂದುವ ವೇಳಾಪಟ್ಟಿಯನ್ನೇ ಬರೆದುಕೊಡಬೇಕು. ಬಾಲದೆಲುಬಿನ ಬಳಿ, ಹಿಮ್ಮಡಿಯಲ್ಲಿ, ಪೃಷ್ಠದ ಪಕ್ಕೆಗಳಲ್ಲಿ ಒತ್ತಿದರೂ ಮಾಸದ ಕೆಂಪು ಅಥವಾ ಕಪ್ಪು ಕಲೆ ಕಂಡರೆ ವೇಳಾಪಟ್ಟಿ ಬದಲಾಗಬೇಕೆಂದೂ ಬರೆಯಬೇಕು. (ಇದನ್ನು ಹೇಳಿದಾಗಲೆಲ್ಲ ನಮ್ಮ ವೈದ್ಯರಲ್ಲಿ ಕೆಲವರು ಪಠ್ಯಪುಸ್ತಕ ತೆಗೆಯುತ್ತಾರೆ. ತೆಗೆಯಲಿ, ರಾತ್ರಿ ಎರಡು ಗಂಟೆಗೆ ಏಳುವವರು ಅವರಲ್ಲ.)

ಇನ್ಸುಲಿನ್ ವಿಷಯದಲ್ಲಿಯೂ ‘ಫ್ರಿಜ್‌ನಲ್ಲಿ ಇಡಿ’ ಎಂದು ಹೇಳಿ ಮುಗಿಸುವಂತಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ, ದೊಡ್ಡ ಮಣ್ಣಿನ ಗಡಿಗೆಯೊಳಗೆ ಒದ್ದೆ ಉಸುಕು ಹಾಕಿ, ಅದರಲ್ಲಿ ಚಿಕ್ಕ ಗಡಿಗೆ ಇಟ್ಟು, ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುವ ಕ್ರಮವನ್ನು ತೋರಿಸಬೇಕು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಇದು ಉಪೇಕ್ಷೆಯ ಮಾತಲ್ಲ. ಪಥ್ಯದ ಚೀಟಿಯ ಬಗ್ಗೆ ಒಂದೇ ಮಾತು: ಓಟ್ಸ್, ಬ್ರೌನ್ ಬ್ರೆಡ್ ಎಂದು ಅಚ್ಚಾದ ಹಾಳೆಯನ್ನು ಬದಿಗಿಟ್ಟು, ಜೋಳದ ರೊಟ್ಟಿ ಎಷ್ಟು, ನುಚ್ಚು ಎಷ್ಟು, ಯಾವ ಪಲ್ಯ, ಉಪ್ಪು ಕಡಿಮೆ ಮಾಡಬೇಕಾದವರು ಉಪ್ಪಿನಕಾಯಿಯನ್ನೂ ಕಾರಬ್ಯಾಳಿಯನ್ನೂ ಏನು ಮಾಡಬೇಕು ಎಂದು ಬರೆದುಕೊಡಿ.

ಮನೆಯವರಿಗೆ ಕಲಿಸಿದರೆ ಆಸ್ಪತ್ರೆಯ ಖರ್ಚು ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಈ ಕೆಲಸಕ್ಕೆ ಕೈಹಾಕುವ ಆಡಳಿತ ಮಂಡಳಿಗಳಿಗೆ ಒಂದು ಎಚ್ಚರಿಕೆ ಹೇಳಬೇಕು. ಪಾರ್ಶ್ವವಾಯು ಆದವರಿಗೆ ಮನೆಯವರಿಂದಲೇ ಪುನಶ್ಚೇತನದ ವ್ಯಾಯಾಮ ಮಾಡಿಸಿದರೆ ಏನಾಗುತ್ತದೆಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ‘ಅಟೆಂಡ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ, ಆರು ತಿಂಗಳ ಬಳಿಕ ಸಾವಿನಲ್ಲಾಗಲೀ ಪರಾವಲಂಬನೆಯಲ್ಲಾಗಲೀ, ಮನೆಯವರು ವ್ಯಾಯಾಮ ಮಾಡಿಸಿದ ಗುಂಪಿಗೂ ಎಂದಿನ ಆರೈಕೆಯಷ್ಟೇ ಪಡೆದ ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕಲಿಸುವುದು ವ್ಯರ್ಥವೆಂದು ನಾನು ಇದನ್ನು ಓದಿಕೊಳ್ಳುವುದಿಲ್ಲ. ಫಿಸಿಯೋಥೆರಪಿಸ್ಟ್ ಮಾಡಬೇಕಾದ ಕೆಲಸವನ್ನು ಸೊಸೆಯ ಹೆಗಲಿಗೆ ದಾಟಿಸಿ ಆಸ್ಪತ್ರೆ ಕೈತೊಳೆದುಕೊಳ್ಳುವಂತಿಲ್ಲ ಎಂದು ಓದಿಕೊಳ್ಳುತ್ತೇನೆ.

ಮನೆಗೆ ಕಳಿಸುವ ದಿನ, ಅದರ ನಂತರದ ದಿನಗಳು

ಡಿಸ್ಚಾರ್ಜ್ ಯಾವಾಗ ಎಂಬುದನ್ನು ಕನಿಷ್ಠ ಎರಡು ದಿನ ಮೊದಲು ಹೇಳಬೇಕು. ಬೆಳಗಿನ ರೌಂಡ್ಸ್‌ನಲ್ಲಿ ‘ಇವತ್ತು ಹೋಗಬಹುದು’ ಎಂದು ಹೇಳಿ, ಬಿಲ್ಲು ಮತ್ತು ಕಾರ್ಡು ಕೈಗೆ ಬರುವಾಗ ಸಂಜೆ ಐದಾದರೆ, ಸಿಂದಗಿ ಅಥವಾ ಹುನಗುಂದದಾಚೆಯ ಹಳ್ಳಿಯವರಿಗೆ ಉಳಿಯುವುದು ವಸ್ತಿ ಬಸ್ಸೊಂದೇ. ನಳಿಕೆ, ಮೂತ್ರದ ಚೀಲ ಇರುವ ರೋಗಿಯನ್ನು ಆ ಬಸ್ಸಿನಲ್ಲಿ ಸಾಗಿಸಿದವರಿಗೆ ಅದರ ಕಷ್ಟ ಗೊತ್ತು. ಕಾಗದಪತ್ರದ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿ, ಬೆಳಗ್ಗೆ ಹತ್ತರೊಳಗೆ ಬೀಳ್ಕೊಡುವುದು ಆಸ್ಪತ್ರೆಗೆ ಹಣ ಖರ್ಚಿಲ್ಲದ ನೆರವು. ಪ್ರಯಾಣದಲ್ಲಿ ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಬೇಕೆಂದು ಹೇಳುವುದನ್ನು ಮರೆಯಬಾರದು. ಎಷ್ಟೋ ಜನ ಅದನ್ನು ಗೌರವದಿಂದ ರೋಗಿಯ ಎದೆಯ ಮೇಲೆ ಇಟ್ಟುಕೊಂಡು ಹೋಗುತ್ತಾರೆ.

ಇಂಗ್ಲಿಷಿನ ಡಿಸ್ಚಾರ್ಜ್ ಸಾರಾಂಶ ಮುಂದಿನ ವೈದ್ಯರಿಗೆ ಬೇಕು, ಇರಲಿ. ಮನೆಯವರಿಗಾಗಿ ಬೇರೆ ಒಂದು ಹಾಳೆ ಕನ್ನಡದಲ್ಲಿ, ಬೇಕಾದಲ್ಲಿ ಮರಾಠಿ ಅಥವಾ ಉರ್ದುವಿನಲ್ಲಿ, ದಪ್ಪ ಅಕ್ಷರದಲ್ಲಿ ಇರಬೇಕು: ದಿನವೂ ಮಾಡಬೇಕಾದದ್ದು, ಯಾವ ಲಕ್ಷಣ ಕಂಡರೆ ಕಾಯದೆ 108ಕ್ಕೆ ಕರೆಮಾಡಬೇಕು, ಯಾವುದಕ್ಕೆ ಗಾಬರಿಯಾಗಬೇಕಿಲ್ಲ, ಮುಂದಿನ ಭೇಟಿ ಯಾವಾಗ. ಗಾಬರಿಯಾಗಬೇಕಿಲ್ಲದ್ದನ್ನು ಬರೆಯುವವರು ಬಹಳ ಕಡಿಮೆ, ಆದರೆ ಅದೊಂದು ಸಾಲು ಎಷ್ಟೋ ನಡುರಾತ್ರಿಯ ಓಡಾಟವನ್ನು ತಪ್ಪಿಸುತ್ತದೆ. ಓದಲು ಬಾರದವರಿಗೆ ಅದೇ ವಿಷಯವನ್ನು ಅವರದೇ ಫೋನಿನಲ್ಲಿ ದನಿ ಮುದ್ರಿಸಿ ಕೊಡಬಹುದು. ನರ್ಸು ಕಾಟಿನ ಬಳಿ ನಿಂತು ಮಾಡಿತೋರಿಸಿದ್ದನ್ನು ವಿಡಿಯೋ ಮಾಡಿಕೊಳ್ಳಲು ಬಿಡುವುದಂತೂ ಇನ್ನೂ ಒಳ್ಳೆಯದು. ವಾರ್ಡಿನಲ್ಲಿ ಫೋನ್ ಹಿಡಿದವರನ್ನೆಲ್ಲ ಗದರುವ ರೂಢಿ ಇಲ್ಲಿ ಸ್ವಲ್ಪ ಸಡಿಲವಾಗಬೇಕು.

ಆ ಹಾಳೆಯ ಮೇಲೆ ಒಂದು ಫೋನ್ ಸಂಖ್ಯೆ ಇರಬೇಕು, ಮತ್ತು ಅದನ್ನು ಎತ್ತುವವರು ಇರಬೇಕು. ರಿಸೆಪ್ಷನ್ನಿನ ಸಂಖ್ಯೆ ಕೊಟ್ಟರೆ ‘ಓಪಿಡಿಗೆ ಬರ್ರಿ’ ಎಂಬ ಉತ್ತರವಷ್ಟೇ ಸಿಗುತ್ತದೆ. ವಾರ್ಡಿಗೊಂದು ಸಾದಾ ಮೊಬೈಲ್ ಕೊಟ್ಟು, ಪಾಳಿಯ ಉಸ್ತುವಾರಿ ನರ್ಸು ಅದನ್ನು ಕೀಲಿಕೈಗಳಂತೆಯೇ ಮುಂದಿನ ಪಾಳಿಗೆ ಒಪ್ಪಿಸುವ ವ್ಯವಸ್ಥೆ ಸಾಕು. ಮನೆಗೆ ಹೋದ ಎರಡನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ ಆಸ್ಪತ್ರೆಯೇ ಕರೆ ಮಾಡಲಿ. ಕಷ್ಟವಿದ್ದವರೆಲ್ಲ ತಾವಾಗಿ ಕರೆ ಮಾಡುವುದಿಲ್ಲ. ಊರಿನ ಆಶಾ ಕಾರ್ಯಕರ್ತೆಗೆ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೆ ರೋಗಿ ಮನೆಗೆ ಬರುವ ಮೊದಲೇ ಸುದ್ದಿ ಮುಟ್ಟಬೇಕು. ಮಹಾರಾಷ್ಟ್ರದ ಮೀರಜ್, ಸೊಲ್ಲಾಪುರಗಳಲ್ಲಿ ಚಿಕಿತ್ಸೆ ಪಡೆದು ಬಂದವರ ವಿಷಯದಲ್ಲಿ ಈ ಕೊಂಡಿ ಪೂರ್ತಿ ಕಡಿದಿರುತ್ತದೆ, ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳು ಅಂಥವರನ್ನು ಕೇಳಿ ಗುರುತಿಸಬೇಕು.

ಸೌಲಭ್ಯಗಳ ಬಗ್ಗೆ ಚುಟುಕಾಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಶಿಫಾರಸು ಪತ್ರ, ಅಂಗವಿಕಲರ ಯುಡಿಐಡಿ ಕಾರ್ಡಿಗೆ ಬೇಕಾದ ವೈದ್ಯಕೀಯ ಪರೀಕ್ಷೆ ಇವುಗಳಿಗಾಗಿ ಮನೆಯವರು ನಾಲ್ಕು ಸಲ ಅಲೆಯದಂತೆ, ರೋಗಿ ಒಳಗಿರುವಾಗಲೇ ಸಮಾಜ ಕಾರ್ಯಕರ್ತರೊಬ್ಬರು ಅರ್ಜಿಗಳನ್ನು ಶುರುಮಾಡಿಸಬೇಕು. ರಾತ್ರಿ ಜೊತೆಗಿರುವವರಿಗೆ ಮಲಗಲು ಜಾಗ, ಬೀಗ ಇರುವ ಪೆಟ್ಟಿಗೆ, ಹೆಂಗಸರಿಗೆ ಚಿಲಕ ಇರುವ ಶೌಚಾಲಯ ಬೇಕೆಂಬುದನ್ನು ಬರೆದು ತೋರಿಸುವ ಅಗತ್ಯ ಇರಬಾರದಿತ್ತು. ಡಯಾಲಿಸಿಸ್ ಘಟಕಗಳು ಊರಿನ ಬಸ್ಸಿನ ವೇಳೆ ನೋಡಿ ಸರದಿ ಕೊಡಲಿ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು ಎಂದರೆ ಜೊತೆಗೆ ಬರುವವರ ಮೂರು ದಿನದ ಕೂಲಿ ಹೋದಂತೆಯೇ ಲೆಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಟಿಕೆಟ್ ಖರ್ಚು ಉಳಿದಿದೆ ನಿಜ, ಕೂಲಿ ಉಳಿದಿಲ್ಲ.

ಆರೈಕೆ ಮಾಡುವವರ ಮೈ, ಮನಸ್ಸು, ಬಿಡುವು

ರೋಗಿಯ ಮರುಭೇಟಿಯ ದಿನ ಜೊತೆಗೆ ಬಂದವರ ಬಿಪಿಯನ್ನೂ ನೋಡಿ. ಪಟ್ಟಿ ಹೇಗೂ ಮೇಜಿನ ಮೇಲಿರುತ್ತದೆ, ಎರಡು ನಿಮಿಷದ ಕೆಲಸ. ಆರೈಕೆಯ ಹೊರೆ ಅಳೆಯಲು 22 ಪ್ರಶ್ನೆಗಳ ಝಾರಿಟ್ ಪ್ರಶ್ನಾವಳಿ ಬಳಕೆಯಲ್ಲಿದೆ, ಅದರ ಚಿಕ್ಕ ರೂಪಗಳೂ ಇವೆ; ಗಿಜಿಗುಡುವ ಓಪಿಡಿಯಲ್ಲಿ ಅದು ಆಗದಿದ್ದರೆ, ರೋಗಿಯನ್ನು ಬದಿಗೆ ಕೂರಿಸಿ, “ನಿನ್ನೆ ರಾತ್ರಿ ಎಷ್ಟು ತಾಸು ಮಲಗಿದಿರಿ? ನಿಮ್ಮ ಬದಲು ಒಂದು ದಿನ ಕೂರುವವರು ಇದ್ದಾರೆಯೇ?” ಎಂದು ಕೇಳಿದರೂ ಬಹಳಷ್ಟು ತಿಳಿಯುತ್ತದೆ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್‌ನ 14416, ಹಿರಿಯರ ವಿಷಯಕ್ಕೆ 14567 ಉಚಿತ ಸಹಾಯವಾಣಿಗಳಾಗಿವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ, ಹೆಚ್ಚಿನದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಇವೆಲ್ಲಕ್ಕಿಂತ ಹೆಚ್ಚು ಬೇಕಾದದ್ದು, ಮತ್ತು ನಮ್ಮಲ್ಲಿ ಅಪರೂಪವಾದದ್ದು, ಬಿಡುವು. ಪಂಚಮಿಗೆ ತವರಿಗೆ ಹೋಗಿ ಮೂರು ವರ್ಷವಾಯಿತೆಂದು ಅತ್ತೆಯ ಆರೈಕೆ ಮಾಡುವ ಸೊಸೆಯೊಬ್ಬಳು ನನಗೆ ಹೇಳಿದ್ದಳು. ದೂರಿನ ದನಿಯಲ್ಲಿ ಹೇಳಲಿಲ್ಲ, ಮಾತ್ರೆಯ ಚೀಟಿ ಮಡಚುತ್ತ ಹೇಳಿದಳು. ಆಕೆಯ ಅಣ್ಣ ಪ್ರತಿವರ್ಷ ಕರೆಯಲು ಬರುತ್ತಾನೆ, ಜೋಕಾಲಿ ಕಟ್ಟಿದ್ದನ್ನು ಹೇಳಿ, ಉಂಡಿ ಕೊಟ್ಟು ಹೋಗುತ್ತಾನೆ. ತಾಲ್ಲೂಕು ಆಸ್ಪತ್ರೆ ಅಥವಾ ಟ್ರಸ್ಟಿನ ಆಸ್ಪತ್ರೆಯೊಂದು ಎರಡು ಹಾಸಿಗೆಗಳನ್ನು ಇದಕ್ಕೆಂದೇ ಮೀಸಲಿಟ್ಟು, ಮೊದಲೇ ದಿನ ಗೊತ್ತುಮಾಡಿಕೊಂಡು, ವರ್ಷಕ್ಕೊಮ್ಮೆ ನಾಲ್ಕೈದು ದಿನ ಅಂಥ ರೋಗಿಗಳನ್ನು ತಾನೇ ನೋಡಿಕೊಂಡರೆ ಆಕೆ ಪಂಚಮಿಗೆ ಹೋಗಿಬರಬಹುದು. ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಬಿವಿವಿ ಸಂಘಗಳು ನರ್ಸಿಂಗ್ ಕಾಲೇಜುಗಳನ್ನು ನಡೆಸುತ್ತಿವೆ. ಈ ಜಿಲ್ಲೆಗಳ ನರ್ಸಿಂಗ್ ವಿದ್ಯಾರ್ಥಿಗಳ ಸಮುದಾಯ ಆರೋಗ್ಯದ ತರಬೇತಿಯಲ್ಲಿ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ, ಇಂಥ ಮನೆಗಳಿಗೆ ವಾರಕ್ಕೊಂದು ಮಧ್ಯಾಹ್ನದ ಭೇಟಿಯನ್ನು ಸೇರಿಸಬಹುದು.

ಇದನ್ನೆಲ್ಲ ಮಾಡುವವರು ಯಾರು

ನಲವತ್ತು ರೋಗಿಗಳಿಗೆ ಇಬ್ಬರು ನರ್ಸುಗಳಿರುವ ವಾರ್ಡಿಗೆ ಈ ಪಟ್ಟಿಯನ್ನು ಸುತ್ತೋಲೆ ಮಾಡಿ ಕಳುಹಿಸಿದರೆ ಅದು ನೋಟಿಸ್ ಬೋರ್ಡಿನಲ್ಲಿ ಹಳದಿಯಾಗುತ್ತದೆ. ಕಲಿಸುವುದಕ್ಕೆಂದು ಒಬ್ಬ ಶುಶ್ರೂಷಾಧಿಕಾರಿಗೆ ದಿನಕ್ಕೆ ಎರಡು ತಾಸು ಡ್ಯೂಟಿ ಪಟ್ಟಿಯಲ್ಲೇ ಬರೆದು ಕೊಡಬೇಕು, ಆ ಹೊತ್ತಿನಲ್ಲಿ ಆಕೆಗೆ ಬೇರೆ ಕೆಲಸ ಹೇಳಬಾರದು. ಕ್ಷಯರೋಗದ ಕಾರ್ಯಕ್ರಮದಲ್ಲಿ 2023ರಿಂದ ಕುಟುಂಬ ಕೇಂದ್ರಿತ ಆರೈಕೆಯ ಮಾದರಿಯನ್ನು ಸರ್ಕಾರವೇ ಒಪ್ಪಿಕೊಂಡಿದೆ. ಅದನ್ನು ಲಕ್ವ, ಕ್ಯಾನ್ಸರ್ ವಾರ್ಡುಗಳಿಗೆ ತರಲು ಹೊಸ ಆದೇಶಕ್ಕೆ ಕಾಯಬೇಕಿಲ್ಲ. ಒಂದು ವಾರ್ಡಿನಿಂದ ಶುರುಮಾಡಿ. ಬೆನ್ನು ಹುಣ್ಣಿನಿಂದ, ನಳಿಕೆ ಕಟ್ಟಿದ್ದರಿಂದ, ಮೂತ್ರದ ಸೋಂಕಿನಿಂದ ತಿಂಗಳಿಗೆ ಎಷ್ಟು ಜನ ಮರಳಿ ಬರುತ್ತಾರೆಂದು ಈಗಲೇ ಎಣಿಸಿ ಇಟ್ಟುಕೊಂಡು, ಆರು ತಿಂಗಳ ಮೇಲೆ ಮತ್ತೆ ಎಣಿಸಿ.

ಗಾಳಿ ಹಾಸಿಗೆ, ಗಾಲಿ ಕುರ್ಚಿ, ಕಫ ಎಳೆಯುವ ಯಂತ್ರಗಳನ್ನು ಠೇವಣಿ ಪಡೆದು ಕೊಡುವ ಸಣ್ಣ ಉಗ್ರಾಣವೊಂದು ಆಸ್ಪತ್ರೆಯಲ್ಲಿ ಇರುವುದಾದರೆ, ಅದನ್ನು ಸಾಮಾನು ಲೆಕ್ಕದವರ ಕೈಗೆ ಬಿಡದೆ ಶುಶ್ರೂಷಾ ವಿಭಾಗದ ಪಕ್ಕದಲ್ಲೇ ಇಡಿ. ರೋಗಿ ತೀರಿಕೊಂಡ ಹದಿನೈದು ಇಪ್ಪತ್ತು ದಿನಗಳ ಮೇಲೆ, ಒಂದು ದಿನ, ಗಾಳಿ ಹಾಸಿಗೆಯನ್ನು ತೊಳೆದು ಒಣಗಿಸಿ ಮಡಚಿ ತಂದು ಒಪ್ಪಿಸುವವರು ಬಹುತೇಕ ಅದೇ ಸೊಸೆ, ಅದೇ ಹೆಂಡತಿ. ಠೇವಣಿಯ ಹಣ ಎಣಿಸಿ ಕೊಟ್ಟು ರಸೀದಿಗೆ ಸಹಿ ಪಡೆಯುವ ಮೊದಲು ಅವರನ್ನು ಕೂರಿಸಿ, ಹೆಸರು ಹಿಡಿದು ಮಾತನಾಡಿಸಿ, ಚಹಾ ತರಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ ನೋಡಿ.